ಗಂಜಿ ಹಚ್ಚಿದ ಟಪ

ರಬಕವಿಯ ಮಗ್ಗದ ಮನ್ಯಾಗ ಹುಟ್ಟಿ ಬನಹಟ್ಟಿಯ ಮಗ್ಗದ ಮನಿಗೆ ಸೊಸಿಯಾಗಿ ಬಂದಾಕಿ ನಾನು. ಎರಡೂ ಊರು ಅಂಟಿಕೊಂಡ ಅದಾವು. ಗಂಡನ ಮನ್ಯಾಗ ಜಗಳಾಡಿದ್ರ ತವರಮನಿಗೆ ಕೇಳಿಸ್ತೈತಿ. ಅರಿವಿ ಅಂದ್ರ ನಮಗ ಅನ್ನ. ಆದ್ರ ನನ್ನ ಜೀವಮಾನದಾಗ ನಾ ಅತ್ತದ್ದು, ಬೈದದ್ದು, ಕೈ ಮುಗದದ್ದು ಎಲ್ಲಾ ಒಂದ ಅರಿವಿಗೆ. ಅದು ಸೀರಿ ಅಲ್ಲ, ಕುಬಸದ ಖಣ ಅಲ್ಲ. ಒಂದು ಹಳೀ ಮೋಟಾರಿನ ನೆತ್ತಿ ಮ್ಯಾಲಿನ ಮುಚ್ಚಿಗಿ. ನಗಬ್ಯಾಡ್ರಿ. ಆ ಅರಿವಿ ನೆಟ್ಟಗ ನಿಂತ್ರ ನನ್ನ ಕೂಸು ಉಳೀತಿತ್ತು, ಇಲ್ಲಂದ್ರ ಇಲ್ಲ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿದ್ದ ಹೊಸತು. ದೊಡ್ಡ ದೊಡ್ಡ ಮನಿತನದವರು ತಮ್ಮ ಮೋಟಾರು, ಸಾರೋಟು ಮಾರಿ ಕೈ ತೊಳಕೊಳ್ಳಾಕತ್ತಿದ್ರು. ಅಂಥಾದ್ದೊಂದು ಮೋಟಾರು ನಮ್ಮೂರ ಸೀರಿ ವ್ಯಾಪಾರದ ಸಾವಕಾರ್ರಿಗೆ ಸಿಕ್ಕಿತು. ನಮ್ಮ ಮನಿಯವರು ಮಗ್ಗ ಬಿಟ್ಟು ಅದರ ಡ್ರೈವರ್ ಆದ್ರು. ಅವರಿಗೆ ಲಾಳಿ ಹಿಡಿಯೂದಕ್ಕಿಂತ ಚಾಲೂ ಹ್ಯಾಂಡಲ್ ತಿರವೂದು ಬಲೇ ಖುಷಿ.

ಆ ಮೋಟಾರಿಗೆ ತಗಡಿನ ಛತ್ತ ಇರಲಿಲ್ಲ. ಕಟಗಿ ಕಮಾನು, ಕಮಾನಿನ ಮ್ಯಾಲ ಬಿಗದು ಕಟ್ಟಿದ ದಪ್ಪ ಅರಿವಿ. ಬ್ಯಾಡಾದಾಗ ಕಮಾನು ಸಮೇತ ಹಿಂದಕ್ಕ ಮಡಚಿ ಇಡೂದು. ಮಳಿ ಬಂದ್ರ ಎಳದು ಮುಂದಿನ ಕಾಜಿನ ಚೌಕಟ್ಟಿಗೆ ಸಿಗಸೂದು. ಅದಕ್ಕ ಟಪ ಅಂತಿದ್ರು. ಸಾವಕಾರ್ರಿಗೆ ಟಪ ಮಡಚಿದ್ರನ ಸಮಾಧಾನ. ಮುಧೋಳಕ್ಕ ಹೋಗ್ಲಿ, ಬೀಳಗಿಗೆ ಹೋಗ್ಲಿ, ರುಮಾಲು ಸುತ್ತಿಕೊಂಡು ಹಿಂದ ಕುಂತು ಮಂದಿ ನಮಸ್ಕಾರ ತಗೋತ ಹೋಗಬೇಕು. ಟಪ ಹಾಕಿದ್ರ ಅವರನ್ನ ಯಾರ ನೋಡಬೇಕ್ರಿ? ಹಿಂಗಾಗಿ ಬಿಸಲಾಗ ಧೂಳಾಗ ಮಡಚಿ ಬಿದ್ದ ಆ ಅರಿವಿ ಮಡಿಕಿ ಇದ್ದಲ್ಲೆಲ್ಲಾ ಸೀಳಿತ್ತು. ಹೊಲಿಗಿ ಕೊಳತಿತ್ತು. ಮೊಳಿ ಹೊಡದ ಅಂಚಿನಾಗ ಜಂಗ ಹಿಡದು ಅರಿವೀನ ತಿಂದಿತ್ತು. ಹಿಂದ ನೋಡಾಕಂತ ಇದ್ದ ಕಾಜಿನಂಥಾ ಹಾಳಿ ಹಳದಿಯಾಗಿ ಒಡದು, ಅಲ್ಲಿ ಯಾರೋ ಪುಣ್ಯಾತ್ಮರು ಗೋಣಿತಟ್ಟ ಹೊಲದಿದ್ರು.

ಇದೆಲ್ಲಾ ನನಗ್ಯಾಕ ಬೇಕಾಗಿತ್ತು? ನನ್ನ ಹೊಟ್ಟ್ಯಾಗ ಮೂರನೇದ್ದು ಇತ್ತು, ಅದಕ್ಕ.

ಮೊದಲಿನ ಎರಡೂ ಮನ್ಯಾಗ ಹುಟ್ಟಿದ್ವು. ಹುಟ್ಟಿದ್ವು ಅನ್ನೂದು ಮಾತಿಗೆ; ಒಂದೂ ಅಳಲಿಲ್ಲ. ಎರಡನೇದ್ದರ ಮುಖ ನನಗ ತೋರಸಲೂ ಇಲ್ಲ. ಸೂಲಗಿತ್ತಿ ಅರಿವ್ಯಾಗ ಸುತ್ತಿ ಹಿತ್ತಲ ಬಾಗಲಲೆ ಒಯ್ದ್ಲು. ಎದಿ ಹಾಲು ತಡೀಲಾರದ ಗ್ವಾಡಿಗೆ ಹಣಿ ಹಚ್ಚಿ ನಿಂದ್ರತಿದ್ದೆ. ಮೂರನೇದ್ದು ನಿಂತಾಗ ನಮ್ಮ ಮನಿಯವರು ಸಾವಕಾರ್ರನ್ನ ಕೇಳಿ ನನ್ನ ಜಮಖಂಡಿ ದವಾಖಾನಿಗೆ ಕರಕೊಂಡು ಹೋದ್ರು. ಅಲ್ಲಿದ್ದ ಡಾಕ್ಟರಬಾಯಿ ಹೊಟ್ಟಿ ಒತ್ತಿ ನೋಡಿ ಸೀದಾ ಹೇಳಿಬಿಟ್ಟಳು: "ನಿನ್ನ ಕಟಿ ಸಣ್ಣದೈತಿ. ಕೂಸು ದಾರ್ಯಾಗ ಸಿಗಬೀಳತೈತಿ. ಬ್ಯಾನಿ ಶುರು ಆದಕೂಡ್ಲೇ ಇಲ್ಲಿಗೆ ಬಾ. ಮನ್ಯಾಗ ಕುಂತಿ ಅಂದ್ರ ಇದೂ ಹೋಗತೈತಿ, ನೀನೂ ಹೋಗ್ತಿ."

ಬ್ಯಾನಿ ಬರೂಕಿಂತ ಮೊದಲ ಹಾಸಿಗಿ ಕೊಡೂ ಪದ್ಧತಿ ಅಲ್ಲಿರಲಿಲ್ಲ. ಜಮಖಂಡ್ಯಾಗ ನಮ್ಮವರು ಅನ್ನೂವರು ಯಾರೂ ಇರಲಿಲ್ಲ. ಬಸ್ಸು ಮುಂಜಾನೆ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಸಾವಕಾರ್ರು ಮಾತ್ರ, "ನಮ್ಮ ಮೋಟಾರು ಐತಲ್ಲೋ, ಬ್ಯಾನಿ ಬಂದಾಗ ನನ್ನ ಕೇಳಾಕೂ ಬರಬ್ಯಾಡ, ಒಯ್ಯಿ" ಅಂದಿದ್ರು. ಅವರ ಹೊಟ್ಟಿ ತಣ್ಣಗಿರಲಿ. ನಾ ದಿನ ಎಣಿಸಿದೆ. ದಿನ ತುಂಬೂದು ಸರಿಯಾಗಿ ಮಳಿಗಾಲದ ನಡುಮಧ್ಯಾಕ.

ಅಲ್ಲಿ ನಮ್ಮತ್ತಿ ಅಡ್ಡ ನಿಂತ್ಲು.

ಆಕಿಗೆ ಒಬ್ಬಾಕಿ ಮಗಳಿದ್ಲು, ನಮ್ಮ ಮನಿಯವರ ಅಕ್ಕ. ನಾ ಈ ಮನಿಗೆ ಬರೂಕಿಂತ ಮೊದಲಿನ ಮಾತು. ಮಳಿಗಾಲದಾಗ ದಿನ ತುಂಬಿದ ಆಕಿನ್ನ ಸಾವಳಗಿಯಿಂದ ಚಕ್ಕಡಿಯಾಗ ತವರಿಗೆ ಕರಕೊಂಡು ಬರೂಮುಂದ ಚಕ್ಕಡಿ ಮ್ಯಾಲಿನ ಚಾಪಿ ಹಾರಿಹೋಗಿ, ದಾರಿ ತುಂಬ ತೊಯ್ದು ತಪ್ಪಡಿಯಾಗಿ ಬಂದ್ಲಂತ. ಬಂದಾಕಿ ಹಡದ್ಲು, ಹಡದು ಸನ್ನಿ ಆಗಿ ನಡಗಿ ನಡಗಿ ಸತ್ತಳು. ಕೂಸೂ ಹಿಂದಿಂದ ಹೋತು. ಅಂದಿನಿಂದ ನಮ್ಮತ್ತಿಗೆ ಬಸರ ಹೆಂಗಸು, ಮಳಿ ಎರಡೂ ಒಂದ ಕಡೆ ಕಂಡ್ರ ಕಣ್ಣಿಗೆ ಕತ್ತಲಿ ಬರತಿತ್ತು. ಅರಿವಿ ಒಗದು ನಾ ಒದ್ದಿ ಸೆರಗಿಲೆ ಬಂದ್ರ ಬೈಗಳದ ಮಳಿನ ಸುರಿಸ್ತಿದ್ಲು.

"ದವಾಖಾನಿಗೆ ಒಯ್ಯಿ, ಬ್ಯಾಡ ಅಂದಿಲ್ಲ" ಅಂದ್ಲು ಮಗಗ. "ಆದ್ರ ಆ ಹರಕ ಟಪದ ಕೆಳಗ ನನ್ನ ಸೊಸೀನ ಕುಂದ್ರಸಾಕ ಬಿಡೂದಿಲ್ಲ. ಒಂದು ಹನಿ ಒಳಗ ಬೀಳದಂಗ ಮಾಡು, ಆಮ್ಯಾಲ ದವಾಖಾನಿ ಮಾತು ತಗಿ. ಇಲ್ಲಾ, ಮನ್ಯಾಗ ಸೂಲಗಿತ್ತಿ ಬರತಾಳ."

"ಯವ್ವಾ, ಎರಡು ಸಲ ಆಕೀನ ಬಂದಿದ್ಲು" ಅಂದ್ರು ನಮ್ಮ ಮನಿಯವರು.

"ಎರಡು ಸಲ ಸೊಸಿ ಉಳದಾಳಲ್ಲೋ! ನನ್ನ ಮಗಳು ಉಳೀಲಿಲ್ಲ."

ಏನ ಹೇಳ್ತೀರಿ ಇದಕ್ಕ? ಕೂಸು ಸತ್ರ ಸಾಯಲಿ ಅಂದಂಗಾತಲ್ಲ ಅಂತ ಆಕಿ ಮುಖ ನೋಡಾಕೂ ಮನಸಿರಲಿಲ್ಲ. ಆಕಿ ನನ್ನ ಜೀವಕ್ಕ ಅಂಜಿದ್ಲು, ನಾ ನನ್ನ ಕೂಸಿನ ಜೀವಕ್ಕ ಅಂಜಿದ್ದೆ. ಇಬ್ಬರ ನಡುವ ಆ ಸುಡಗಾಡು ಟಪ.

ನಮ್ಮ ಮನಿಯವರು ಮಾಡದ ಉಪಾಯ ಇಲ್ಲ. ಮೊದಲ ಅಂಟವಾಳ ಕಾಯಿ ನೊರಿ ಮಾಡಿ ತಿಕ್ಕಿ ತೊಳದ್ರು. ಧೂಳು ಹೋದಮ್ಯಾಲ ಗೊತ್ತಾತು, ಅಷ್ಟು ದಿನ ಆ ಅರಿವಿ ಧೂಳಿನ ಮ್ಯಾಲನ ನಿಂತಿತ್ತು ಅಂತ. ಬೆಳಕು ಜಾಳಿಗಿಯಂಗ ಕಾಣಾಕತ್ತಿತು. ಸೀಳಿದಲ್ಲೆಲ್ಲಾ ತ್ಯಾಪಿ ಹಚ್ಚಿ ಹೊಲದ್ರು. ಸೂಜಿ ಚುಚ್ಚಿದ ತೂತಿನಿಂದನ ನೀರು ಇಳೀತು. ಮುಧೋಳದಾಗ ಯಾರೋ ಅಗಸಿ ಎಣ್ಣಿ ಹಚ್ಚಿದ್ರ ನೀರು ಜಾರತೈತಿ ಅಂದ್ರಂತ. ಹಚ್ಚಿದ್ರು. ಮೋಡ ಕವಿದ ದಿನ, ಎಣ್ಣಿ ಒಣಗಬೇಕಲ್ಲ? ಒಣಗಲಿಲ್ಲ. ಊರಿನ ಧೂಳೆಲ್ಲಾ ಬಂದು ಅದಕ್ಕ ಅಂಟಿತು, ಇರಿವಿ ಸಾಲು ಹಚ್ಚಿದ್ವು. ಸಾವಕಾರ್ರ ಬಿಳೇ ಅಂಗಿ ಬೆನ್ನಿಗೆ ಎಣ್ಣಿ ಬಡದು ಅವರ ಬೈಗಳಾ ಬ್ಯಾರೆ.

ಪ್ರತಿ ಉಪಾಯಕ್ಕೂ ನಮ್ಮತ್ತಿಯ ಪರೀಕ್ಷಾ ಇತ್ತು. ಮನಿ ಮುಂದ ಮೋಟಾರು ನಿಂದ್ರಸಬೇಕು. ಆಕಿ ಕಚ್ಚಿ ಬಿಗದು ಕಟ್ಟಿ ಮ್ಯಾಲ ಏರಿ ನಿಂತು ತುಂಬಿದ ಕೊಡ ಟಪದ ಮ್ಯಾಲ ಬೋರಲು ಹಾಕತಿದ್ಲು. ಒಳಗ ನಾ ಕುಂದ್ರಬೇಕು. ಬ್ಯಾನಿ ಬಂದಾಗ ಕುಂದ್ರಾಕಿ ನಾನ ಅಲ್ಲೇನು, ಹನಿ ಎಲ್ಲಿ ಬೀಳತೈತಿ ಅಂತ ನಾನ ಹೇಳಬೇಕು ಅಂತ ಆಕಿ ಹಟ. ಓಣಿ ಮಂದಿಗೆ ಅದೊಂದು ತಮಾಷಾ. ಮಗ್ಗ ನಿಲ್ಲಿಸಿ ಬಂದು ನೋಡತಿದ್ರು. ಆ ಎಣ್ಣಿ ಹಚ್ಚಿದ ದಿನ ಮೊದಲಿಗೆ ಒಂದು ಹನೀನೂ ಬೀಳಲಿಲ್ಲ. ನಾ ಉಸರು ಹಿಡದು ಕುಂತೆ. ಆಮ್ಯಾಲ ಟಪ್ಪಂತ ಒಂದು ಹನಿ, ಸೀದಾ ಬಂದು ನನ್ನ ಹೊಟ್ಟಿ ಮ್ಯಾಲ ಬಿತ್ತು.

"ಬಿತ್ತೇನ ಬೇ?" ಹೊರಗಿಂದ ನಮ್ಮತ್ತಿ ಕೇಳಿದ್ಲು.

ಸೆರಗಿಲೆ ಒರೆಸಿಕೊಂಡು "ಇಲ್ಲರೀ ಅತ್ತೆವ್ವಾ" ಅಂದೆ. ಅನ್ನೂದ್ರಾಗ ಎರಡನೇದ್ದು, ಮೂರನೇದ್ದು, ತಲಿ ಮ್ಯಾಲ, ಹೆಗಲ ಮ್ಯಾಲ. ಇಳದು ಬಂದಾಗ ನನ್ನ ಕೂದಲದಿಂದ ನೀರು ಸೋರಾಕತ್ತಿತ್ತು. ನಮ್ಮತ್ತಿ ಒಣಾ ಅರಿವಿ ತಂದು ನನ್ನ ತಲಿ ಗಸಗಸ ಒರಿಸಿದ್ಲು.

ಅಂದು ನಾ ಮಗ್ಗದ ಕುಣಿ ಹಂತ್ಯಾಕ ಕುಂತು ಬಾಯಿ ಬಿಟ್ಟು ಅತ್ತೆ. ನಮ್ಮ ಸಣ್ಣ ಮಾವ, ಅಂದ್ರ ನಮ್ಮ ಮಾವನ ತಮ್ಮ, ಬಾಜೂ ಮಗ್ಗದಾಗ ನೇಯಾಕತ್ತಿದ್ರು. ಓಣ್ಯಾಗ ಅವರಷ್ಟು ಗಟ್ಟಿ ನೇಗಿ ಯಾರದೂ ಇರಲಿಲ್ಲ. ಲಾಳಿ ನಿಲ್ಲಿಸಿ ನಮ್ಮ ಮನಿಯವರನ್ನ ಕರದು ಗದರಿಸಿದ್ರು: "ಎಲ್ಲೆಲ್ಲಿ ತ್ಯಾಪಿ ಹಚ್ಕೋತ ತಿರಗ್ತೀಲೇ? ಅರಿವಿಗಾಗಿ ಅಳೂ ಮನಿ ಏನೋ ಇದು? ಆ ಹಳೇದ್ದು ಕಿತ್ತು ಒಗಿ. ನಾ ನೇದು ಕೊಡ್ತೀನಿ."

ನೇದ್ರು. ದಪ್ಪ ನೂಲು, ಜೋಡಿ ಎಳಿ, ಹಲಗಿ ಬಡದು ಬಡದು ನೇದ್ರು. ಸೀರಿ ಮಗ್ಗದಾಗ ಎರಡು ತುಂಡು ನೇದು ನಡುವ ಕೂಡಿಸಿ ಹೊಲದ್ರು. ಹಳೀ ಟಪ ಕಿತ್ತು ಅದನ್ನ ಅಳತಿಗೆ ಹಾಸಿ ಹೊಸದನ್ನ ಕತ್ತರಿಸಿ ಕಮಾನಿಗೆ ಮೊಳಿ ಹೊಡದ್ರು. ಆಮ್ಯಾಲ ಓಣಿಯ ಹಿರ್ಯಾರೆಲ್ಲಾ ಸೇರಿ ಕೈಲೆ ಮುಟ್ಟಿ ನೋಡಿ, ಒಂದ ಬಾಯಿಲೆ ಅಂದ್ರು: "ಗಂಜಿ ಹಚ್ಚಬೇಕು."

ನೇಕಾರ ಮಂದಿಗೆ ಗಂಜಿ ಅಂದ್ರ ದೇವರು. ನೂಲು ಹರೀತದೋ, ಗಂಜಿ. ಸೀರಿ ಜೋತು ಬೀಳತದೋ, ಗಂಜಿ. ಪ್ಯಾಟಿಗೆ ಒಯ್ಯೂ ಮಾಲು ಸೆಟದು ನಿಂತ್ರ ಅದ ಛಲೋ ಮಾಲು. ಬೆರಳಿಲೆ ಬಡದ್ರ ಸಪ್ಪಳ ಬರಬೇಕು. ಮೊದಲ ಸಲ ಒಗದ ಕೂಡ್ಲೇ ಆ ಗಂಜಿ ಎಲ್ಲಿ ಹೋಗತೈತಿ ಅಂತ ನೇದವರು ನೋಡಾಕ ಹೋಗೂದಿಲ್ಲ. ಅದು ಉಟ್ಟಾಕಿ ಪಾಡು. ನಮ್ಮ ಓಣಿ ಹುಟ್ಟಿದಾಗಿಂದ ನೇದ ಒಂದು ಅರಿವೀನೂ ಮಳ್ಯಾಗ ನಿಂದ್ರಾಕಂತ ನೇದದ್ದಲ್ಲ. ಅಷ್ಟು ಮಂದ್ಯಾಗ ಒಬ್ಬರ ತಲ್ಯಾಗೂ ಅದು ಹೊಳೀಲಿಲ್ಲ. ನನಗೂ ಹೊಳೀಲಿಲ್ಲ. ಗೋದಿ ಹಿಟ್ಟಿನ ಗಂಜಿ ದೊಡ್ಡ ಹಂಡ್ಯಾಗ ಕುದಿಸಿ, ಹೆಂಗಸರೆಲ್ಲಾ ಕೂಡಿ ಟಪಕ್ಕ ಒಳಗ ಹೊರಗ ಬಳದು ತಿಕ್ಕಿದ್ವಿ. ಎರಡು ಪದರು, ಮೂರು ಪದರು. ನನ್ನ ತುಂಬಿದ ಹೊಟ್ಟಿ ಹೊತ್ತುಕೊಂಡು ನಾನೂ ಅಂಗೈಲೆ ತಿಕ್ಕಿದೆ. ನನ್ನ ಕೂಸಿಗೆ ಮನಿ ಕಟ್ಟಾಕತ್ತೀನಿ ಅನ್ನೂ ಹಿಗ್ಗು.

ಬಿಸಲಿಗೆ ಒಣಗಿದ ಮ್ಯಾಲ ಆ ಟಪ ಹಲಗಿಯಂಗ ಟಣಟಣ ಅಂತಿತ್ತು. ನಮ್ಮತ್ತಿ ಕೊಡ ಸುರದ್ಲು. ನೀರು ಝರ್ರಂತ ಜಾರಿ ಹೋತು. ಇನ್ನೊಂದು ಕೊಡ. ಒಳಗ ಒಂದ ಹನಿ ಇಲ್ಲ! ಓಣಿ ತುಂಬ ಚಪ್ಪಾಳಿ. ಸಣ್ಣ ಮಾವ ಮೀಸಿ ತಿರವಿದ್ರು. ನಮ್ಮತ್ತಿ ಮೋಟಾರಿನ ಮೂತಿಗೆ ಅರಿಷಿಣ ಕುಂಕುಮ ಹಚ್ಚಿ, ನನ್ನ ಗದ್ದ ಹಿಡದು, "ಹೋಗಿ ಹಡದು ಬಾ ನನ್ನವ್ವ" ಅಂದ್ಲು. ಮದವಿಯಾಗಿ ಬಂದಮ್ಯಾಲ ಆಕಿ ನನ್ನ ಗದ್ದ ಹಿಡದದ್ದು ಅದ ಮೊದಲು. ಅಂದು ಹೊಟ್ಟಿತುಂಬ ಉಂಡೆ.

ಅಷ್ಟೊತ್ತಿಗೆ ಸಾವಕಾರ್ರಿಂದ ಕರೆ ಬಂತು, ಬೀಳಗಿಗೆ ಹೋಗಬೇಕು ಅಂತ. ಧೂಳಿನ ದಾರಿ. "ಹೊಸಾ ಟಪಕ್ಕ ಧೂಳು ಬಡದ್ರ ಮತ್ತ ಮಂಕ ಆಗತೈತಿ, ಮಡಚಿ ಇಡು" ಅಂದ್ಲು ನಮ್ಮತ್ತಿ. ನಮ್ಮ ಮನಿಯವರು ಮಡಚಿದ್ರು. ಮ್ಯಾಲ ಕೈಯಾಡಿಸಿ ನೋಡಿದ್ರ ಒಣಗಿದಂಗ ಇತ್ತು. ಸುರದ ನೀರು ಹೊಲಿಗ್ಯಾಗ, ಕಮಾನಿನ ಸಂದ್ಯಾಗ, ಜೋಡಿ ಎಳಿಯ ಹೊಟ್ಟ್ಯಾಗ ಕುಂತದ್ದು ಯಾರಿಗೆ ಗೊತ್ತು? ನಮ್ಮತ್ತಿ ತನ್ನ ಹಳೀ ಇಳಕಲ್ ಸೀರಿ ತಂದು ಆ ಮಡಿಕಿ ಸುತ್ತ ಬಿಗದು ಸುತ್ತಿದ್ಲು, ಕೂಸಿಗೆ ಸುತ್ತಿದಂಗ. ಸಾವಕಾರ್ರಿಗಂತೂ ಟಪ ಮಡಚಿದ್ರ ಹಬ್ಬ. ಮುಂದ ಒಂದಿಷ್ಟು ದಿನ ಮೋಡ ಇತ್ತು, ಮಳಿ ಬರಲಿಲ್ಲ. ಬಿಚ್ಚೂ ಪ್ರಸಂಗನ ಬರಲಿಲ್ಲ.

ಬ್ಯಾನಿ ಶುರು ಆದ ದಿನ ಊಟದ ಹೊತ್ತಿನಾಗ ಆಕಾಶ ಕಪ್ಪಾತು. ಮೊದಲಿನ ಹನಿ ಅಂಗಳದಾಗ ಬಿದ್ದದ್ದೂ, ನನ್ನ ಸೊಂಟದಾಗ ಮೊದಲಿನ ಬ್ಯಾನಿ ಎದ್ದದ್ದೂ ಕೂಡೇ. ಓಣಿಯವರು ಓಡಿಹೋಗಿ ಹೇಳಿದ್ರು, ನಮ್ಮ ಮನಿಯವರು ಮೋಟಾರು ತಂದು ಬಾಗಲಿಗೆ ಹಚ್ಚಿದ್ರು. ನಾ ಗಂಟು ಕಟ್ಟಿಕೊಂಡು ಹೊಸ್ತಲದಾಗ ನಿಂತೆ. ಒಳಗೊಳಗ ಅಂಜಿಕಿ ಇರಲಿಲ್ಲ. ಟಪ ಐತಿ, ಮೋಟಾರು ಐತಿ, ಇನ್ನೇನು.

ಅವರು ಸುತ್ತಿದ ಸೀರಿ ಬಿಚ್ಚಿದ್ರು. ಹುಳಿ ಬಂದ ಹಿಟ್ಟಿನ ನಾತ ಹೊಸ್ತಲದ ತನಕ ಬಂತು. ಟಪದ ಮಡಿಕಿ ತುಂಬ ಕರಿ ಬೂಷ್ಟು. ಕಮಾನು ಹಿಡದು ಎಳದ್ರು. ಬರಲಿಲ್ಲ. ಮಡಿಕಿಗೆ ಮಡಿಕಿ ಅಂಟಿಕೊಂಡು ಒಂದ ಗಡ್ಡಿಯಾಗಿತ್ತು. ಸಣ್ಣ ಮಾವ ಬಂದು ಒಂದು ಕಡೆ ಹಿಡದ್ರು, ಇವರು ಒಂದು ಕಡೆ. "ಸಾವಕಾಶ! ಸಾವಕಾಶ ಎಳೀರಿ!" ಅಂತ ನಾ ಹೊಯ್ಕೊಂಡೆ. ಪರ್ರಂತ ಅರಿವಿ ಹರೀತು, ಅಡ್ಡಕ್ಕೂ ಉದ್ದಕ್ಕೂ. ಇನ್ನೊಂದ ಸಲ ಜಗ್ಗಿದ್ರು. ನಡುವಿನ ಕಮಾನು ಲಟ್ಟಂತ ಮುರೀತು.

ಮಳಿ ಬೀಳಾಕತ್ತಿತ್ತು, ಟಪದ ಚೂರಿನಿಂದ ಬಿಳೇ ಗಂಜಿ ಇಳದು ಗಾದಿ ಮ್ಯಾಲ ಹರೀತಿತ್ತು. ಸಣ್ಣ ಮಾವ ತಾವು ನೇದ ಅರಿವಿ ಕೈಯಾಗ ಹಿಡಕೊಂಡು ಹಂಗ ನೆಲಕ್ಕ ಕುಂತ್ರು. ಅವರ ಮುಖ ಇವತ್ತಿಗೂ ನನ್ನ ಕಣ್ಣ ಮುಂದ ಐತಿ.

"ಮುಗೀತು" ಅಂದ್ಲು ನಮ್ಮತ್ತಿ. "ಒಳಗ ನಡಿ. ಸೂಲಗಿತ್ತೀನ ಕರಸ್ತೀನಿ."

ಆಕಿ ನನ್ನ ರಟ್ಟಿ ಹಿಡದ್ಲು. ನನಗ ಏನಾತೋ ಗೊತ್ತಿಲ್ಲ. ಎರಡು ಸಲ ಹಡದ ಆ ಕೋಣಿ ಕಣ್ಣ ಮುಂದ ಬಂತು. ಹಿತ್ತಲ ಬಾಗಲು ಕಂಡಂಗಾತು. ಕೈ ಝಾಡಿಸಿ, ಮಳ್ಯಾಗ ಇಳದು, ಆ ಛತ್ತಿಲ್ಲದ ಮೋಟಾರು ಏರಿ ಹಿಂದಿನ ಗಾದಿ ಮ್ಯಾಲ ಕುಂತುಬಿಟ್ಟೆ.

"ನಡೀರಿ" ಅಂದೆ ಗಂಡಗ.

"ಇಳೀ ಬೇ! ತಲಿ ಕೆಟ್ಟೈತೇನು? ಸಾಯ್ತಿ!"

"ಸಾಯ್ತೀನ್ರೀ ಅತ್ತೆವ್ವಾ, ಸಾಯ್ತೀನಿ! ಆ ಕೋಣ್ಯಾಗ ಎರಡು ಸಲ ಸತ್ತೀನಿ, ನಿಮಗ ಕಂಡಿಲ್ಲ. ನಿಮ್ಮ ಮಗಳು ತೊಯ್ದು ಸತ್ತಳು, ನಾ ಬೆಚ್ಚಗಿದ್ದು ಸತ್ತೀನಿ. ಈ ಸಲ ಮಳ್ಯಾಗ ಸಾಯ್ತೀನಿ, ಆದ್ರ ದವಾಖಾನಿ ದಾರ್ಯಾಗ ಸಾಯ್ತೀನಿ!"

ಅತ್ತಿಗೆ ಅಂಥಾ ಮಾತು ಎಂದೂ ಅಂದಿರಲಿಲ್ಲ. ಮಗಳ ಹೆಸರು ತಗದದ್ದಕ್ಕ ಆಕಿ ಮುಖ ಬಿಳಿಚಿತು. ಒಳಗ ಹೋದ್ಲು. ಬಾಗಲು ಹಾಕಿಕೊಂಡ್ಲು ಅಂತ ತಿಳದೆ. ಆಕಿ ಮನ್ಯಾಗ ಇದ್ದ ಅಷ್ಟೂ ಕೌದಿ ಹೊತ್ತುಕೊಂಡು ಬಂದು ನನ್ನ ಬಾಜೂ ಏರಿ ಕುಂತ್ಲು. ನನ್ನ ತಲಿಯಿಂದ ಕಾಲತನಕ ಕೌದಿ ಹೊಚ್ಚಿ, ಮಗಗ ಅಂದ್ಲು, "ನೋಡ್ಕೋತ ನಿಂತೀಯಲ್ಲೋ, ಹೊಡಿ!"

ಊರು ದಾಟೂದ್ರಾಗ ಕೌದಿ ತೊಯ್ದು ಕಲ್ಲಿನಂಗ ಭಾರಾದ್ವು. ಗಾಳಿ ಬ್ಯಾರೆ. ಎರಿಮಣ್ಣು ಗಾಲಿಗೆ ಮೆತ್ತಿ ಮೋಟಾರು ಓಲಾಡಿಕೋತ ಹೊಂಟಿತ್ತು. ಬ್ಯಾನಿ ಬಂದಾಗ ನಾ ನಮ್ಮತ್ತಿ ತೊಡಿ ಹಿಂಡತಿದ್ದೆ, ಆಕಿ ತುಟಿ ಕಚ್ಚಿ ಸುಮ್ಮನ ಕುಂದ್ರತಿದ್ಲು. ಮುಂದ ನಮ್ಮ ಮನಿಯವರು ಅಳಾಕತ್ತಿದ್ರು. ಗಂಡಸು ಅಳೂದು ಅವತ್ತ ನೋಡಿದೆ; ಕಾಜಿನ ಮ್ಯಾಲಿನ ನೀರು ಒಂದ ಕೈಲೆ ಒರಸೂದು, ಕಣ್ಣು ಒಂದ ಕೈಲೆ. ನನಗ ಹಲ್ಲು ಕಟಕಟ ಕಡ್ಯಾಕತ್ತಿದ್ವು. ಅದನ್ನ ಕೇಳಿ ನಮ್ಮತ್ತಿ "ಶಿವನ, ಶಿವನ, ಮತ್ತ ಬ್ಯಾಡೋ ನನ್ನಪ್ಪಾ" ಅನ್ನಾಕತ್ತಿದ್ಲು. ನಡುಗೂ ನನ್ನ ಹಲ್ಲಿನ ಸಪ್ಪಳದಾಗ ಆಕಿ ತನ್ನ ಮಗಳನ್ನ ಕೇಳಾಕತ್ತಿದ್ಲು ಅಂತ ನನಗ ಅವಾಗ ತಿಳೀತು.

ಅರ್ಧ ದಾರ್ಯಾಗ ಹುಣಸಿಮರದ ಕೆಳಗ ಕುರಿ ನಿಂತಿದ್ವು. ಕುರಿ ಕಾಯೂ ಮಂದಿ, ಬೀರಪ್ಪನ ಒಕ್ಕಲು, ಕಂಬಳಿ ಕೊಪ್ಪಿ ಹಾಕಿಕೊಂಡು ನಿಂತಿದ್ರು. ನಮ್ಮ ಮನಿಯವರು ಮೋಟಾರು ನಿಲ್ಲಿಸಿ ಓಡಿಹೋಗಿ ಏನು ಕೇಳಿದ್ರೋ, ಕೇಳಾಕ ಬಾಯರೆ ಬಂತೋ ಇಲ್ಲೋ. ಹಿರಿಯಾಂವ ಒಬ್ಬಾಂವ ಬಂದು ಇಣುಕಿ ನೋಡಿದ. ನನ್ನ ನೋಡಿದ, ನಮ್ಮತ್ತೀನ ನೋಡಿದ. ತಲಿ ಮ್ಯಾಲಿನ ಕೊಪ್ಪಿ ತಗದು ಕಂಬಳಿ ಬಿಚ್ಚಿದ. ಬಾಜೂದಾಂವಗೂ ತಗಿ ಅಂದ.

"ನೀವು ತೊಯ್ತೀರೆಪ್ಪಾ" ಅಂದ್ಲು ನಮ್ಮತ್ತಿ.

"ನಮಗೇನು ಮಳಿ ಹೊಸದನ ಯವ್ವಾ? ಬೀರಪ್ಪ ಕಾಯ್ತಾನ. ತಿರುಗಿ ಬರೂಮುಂದ ಕೊಡ್ರಿ."

ಕಂಬಳಿ ಒಂದರ ಮ್ಯಾಲ ಒಂದು ಹಾಸಿ ಮುಂದಿನ ಚೌಕಟ್ಟಿಗೂ ಹಿಂದಿನ ಕಮಾನಿಗೂ ಬಿಗದು ಕಟ್ಟಿದ್ರು. ತೊಯ್ದ ಕೌದಿ ತಗದು ಒಗದು, ನಡುವಿದ್ದ ಒಂದು ಒಣಾ ಕೌದಿ ನನಗ ಸುತ್ತಿದ್ಲು ನಮ್ಮತ್ತಿ. ಆದ್ರ ನಡುವಿನ ಕಮಾನ ಇಲ್ಲಲ್ಲ. ಕಂಬಳಿ ನಡುವ ಜೋತು ಬಿದ್ದು, ಅಲ್ಲಿ ನೀರು ನಿಂತು, ಸರಿಯಾಗಿ ನನ್ನ ಹೊಟ್ಟಿ ಮ್ಯಾಲ ಜಿನುಗಾಕತ್ತಿತು.

ನಮ್ಮತ್ತಿ ಎದ್ದು ನಿಂತ್ಲು. ಗಾದಿ ಮ್ಯಾಲ ನನ್ನ ಎರಡೂ ಬಾಜೂ ಕಾಲು ಊರಿ, ಬಗ್ಗಿ, ಬೆನ್ನಿಲೆ ತಲಿಲೆ ಕಂಬಳೀನ ಮ್ಯಾಲಕ್ಕ ಎತ್ತಿ ಹಿಡದ್ಲು, ಎರಡೂ ಕೈ ಅಡ್ಡ ಚಾಚಿ. ನಿಂತ ನೀರು ಹಿಂದಕ್ಕ ಉರುಳಿ ಹೋತು. ಕಂಬಳಿಗೆ ಮೈ ತಾಗಿದಲ್ಲಿ ನೀರು ಸೋರತೈತಿ. ಆಕಿ ಮೈ ತಾಗಿದಲ್ಲೆಲ್ಲಾ ಸೋರಿತು. ತಲಿಗುಂಟ, ಬೆನ್ನಿಗುಂಟ, ತೋಳಿಗುಂಟ ನೀರು ಇಳದು ಆಕಿ ಸೀರ್ಯಾಗ ಹೋಗತಿತ್ತು. ನನ್ನ ಮ್ಯಾಲ ಬೀಳಬಾರದಂತ ಸೆರಗಿನ ತುದಿ ಬಾಯಾಗ ಕಚ್ಚಿ ಒಂದು ಕಡೆ ಎಳಕೊಂಡಿದ್ಲು.

"ಕುಂದರ್ರೀ ಅತ್ತೆವ್ವಾ, ಕೈ ಮುಗೀತೀನಿ" ಅಂದೆ.

ಹಲ್ಲಾಗ ಸೆರಗಿತ್ತು. ತಲಿ ಅಲುಗಾಡಿಸಿದ್ಲು ಅಷ್ಟ.

ಮೋಟಾರು ಜಿಗದಾಗೆಲ್ಲಾ ಆಕಿ ಕಾಲು ಮತ್ತ ಬಿಗಿಯಾಗಿ ಊರತಿದ್ಲು. ಬೀಳಲಿಲ್ಲ. ಜಮಖಂಡಿ ದವಾಖಾನಿ ಮುಂದ ಮೋಟಾರು ನಿಲ್ಲೂತನಕ ಆಕಿ ಆ ಮುರದ ಕಮಾನಿನ ಜಾಗಾದಾಗ ನಿಂತಿದ್ಲು. ಕೈ ಕೆಳಗ ಇಳಸಾಕ ಬರಲಿಲ್ಲ ಆಕಿಗೆ, ಮಗ ಬಂದು ಇಳಿಸಿದ.

ಒಳಗ ಏನೇನಾತು ನನಗ ಎಲ್ಲಾ ನೆನಪಿಲ್ಲ. ಡಾಕ್ಟರಬಾಯಿ ಬೈದದ್ದು, ದೀಪ, ಔಷಧದ ವಾಸನಿ. ಜೀವ ಹಿಂಡಿದಂಗಾಗಿ ಎಲ್ಲಾ ಮುಗದು ಸುಮ್ಮನಾತು. ಆ ಸುಮ್ಮನ ನನಗ ಗೊತ್ತಿದ್ದದ್ದು. ಎರಡು ಸಲ ಕೇಳಿದ್ದೆ. ಹಾಸಿಗಿ ಅಂಚು ಹಿಡದು ಹಲ್ಲು ಕಚ್ಚಿದೆ. ಅವಾಗ ಕೂಸು ಅತ್ತಿತು. ಎಪ್ಪಾ, ಏನು ಅಳು ಅದು! ಹೆಣ್ಣು. ಹೊರಗ ಪಡಸಾಲ್ಯಾಗ ಯಾರೋ ಗಟ್ಟಿಯಾಗಿ ಅಳಾಕತ್ತಿದ್ರು. ನಮ್ಮತ್ತಿ ಧ್ವನಿ ಅದು.

ಒದ್ದಿ ಸೀರಿ ಬದಲಿಸವ್ವಾ ಅಂತ ಎಲ್ಲಾರೂ ಹೇಳಿದ್ರಂತ. ಕೂಸಿನ ಅಳು ಕೇಳೂತನಕ ಬದಲಿಸೂದಿಲ್ಲ ಅಂತ ಕುಂತಿದ್ಲಂತ. ಕೂಸಿನ್ನ ನೋಡಾಕ ಒಳಗ ಬಂದಾಗ ಆಕಿ ತುಟಿ ನೀಲಿ ಆಗಿದ್ವು. ನನ್ನ ಹಣಿ ಮುಟ್ಟಿ ನೋಡಿದ್ಲು, ಪಾದ ಮುಟ್ಟಿ ನೋಡಿದ್ಲು. "ಬೆಚ್ಚಗದೀ" ಅಂದ್ಲು. ಮತ್ತ ಒಮ್ಮೆ ಮುಟ್ಟಿ ನೋಡಿದ್ಲು.

ಆಕಿಗೆ ಜ್ವರ ಆ ಮರುದಿನನ ಬಂತು. ಎದ್ಯಾಗ ಕಫ ಕಟ್ಟಿತು. ಡಾಕ್ಟರಬಾಯಿ ಸೂಜಿ ಮಾಡಿದ್ಲು, ಔಷಧ ಕೊಟ್ಟಳು. ಬನಹಟ್ಟಿಗೆ ಬಂದ ಮ್ಯಾಲೂ ಇಳೀಲಿಲ್ಲ. ನಾನು ಬಾಣಂತಿ, ಕೋಣ್ಯಾಗ. ಆಕಿ ಪಡಸಾಲ್ಯಾಗ, ಎಷ್ಟು ಹೊಚ್ಚಿದ್ರೂ ನಡಗತಿದ್ಲು. ಬಾಗಲದಾಗ ಪರದೆ ಸರಿಸಿ ನಾ ನೋಡಿದ್ರ, "ಗಾಳಿಗೆ ಬರಬ್ಯಾಡ ಬೇ" ಅಂತ ಬೈತಿದ್ಲು, ಆ ಜ್ವರದಾಗೂ. ಒಂದಿನ ಕೂಸಿನ್ನ ಆಕಿ ಬಾಜೂ ಮಲಗಿಸಿದ್ವಿ. ಬೆರಳಿಲೆ ಅದರ ಗಲ್ಲ ಮುಟ್ಟಿ ಸಾವಕಾಶ ಅಂದ್ಲು, "ನಿಮ್ಮವ್ವಗ ಬರೂದು ನನಗ ಬಂತು. ಛಲೋ ಆತು ನೋಡು." ಆ ವಾರನ ತೀರಿಕೊಂಡ್ಲು.

ಕಂಬಳಿ ಒಗದು ಒಣಗಿಸಿ ನಮ್ಮ ಮನಿಯವರು ಆ ಹುಣಸಿಮರದ ದಾರ್ಯಾಗ ಹುಡುಕ್ಯಾಡಿ ಕೊಟ್ಟು ಬಂದ್ರು. ಸಾವಕಾರ್ರು ಮೋಟಾರಿಗೆ ಪುಣೆಯಿಂದ ಹೊಸಾ ಟಪ ತರಿಸಿದ್ರು. ಸಣ್ಣ ಮಾವ ಮುಂದ ಎಷ್ಟೋ ವರ್ಷ ಆ ಮೋಟಾರು ಓಣ್ಯಾಗ ಬಂದ್ರ ಎದ್ದು ಒಳಗ ಹೋಗತಿದ್ರು. ಅವರದೇನು ತಪ್ಪಿತ್ತು? ನಮಗ ಗೊತ್ತಿದ್ದದ್ದು ಅದೊಂದ. ಅದನ್ನ ಮಾಡಿದ್ವಿ.

ಮಗಳಿಗೆ ನಮ್ಮತ್ತಿ ಹೆಸರ ಇಟ್ವಿ. ಎಲ್ಲಾರೂ ಕರದ್ರು, ನಾ ಕರೀಲಿಲ್ಲ. ಗಂಡನ ಹೆಸರು, ಅತ್ತಿ ಹೆಸರು ಸೊಸಿ ಬಾಯಾಗ ಬರಬಾರದು. ನಮ್ಮಲ್ಲಿ ಅದು ನಡಕೊಂಡು ಬಂದ ರೀತಿ. ಹೊಟ್ಟ್ಯಾಗ ಹೊತ್ತು, ಹಡದು, ಬೆಳಸಿದ ಮಗಳನ್ನ ನಾ ಇವತ್ತಿಗೂ ಹೆಸರು ಹಿಡದು ಕರದಿಲ್ಲ. ಸಣ್ಣಾಕಿದ್ದಾಗ ಆಕಿ ಮಳಿ ಬಂತಂದ್ರ ಅಂಗಳಕ್ಕ ಜಿಗೀತಿದ್ಲು, ಓಣಿ ಹುಡುಗರ ಕೂಡ ತೊಯ್ಸಿಕೋತ ಕುಣೀತಿದ್ಲು. ನಾ ಕೈಯಾಗಿನ ಕೆಲಸ ಒಗದು, ಹೊಸ್ತಲಕ್ಕ ಓಡಿಬಂದು, ಓಣಿಗೆಲ್ಲಾ ಕೇಳೂವಂಗ ಒದರತಿದ್ದೆ:

"ಅತ್ತೆವ್ವಾ, ಸಾಕಾತು! ಒಳಗ ಬಾ, ತೊಯ್ಸಿಕೋಬ್ಯಾಡ!"